ಎಡಗೈಯ ಎತ್ತರ

ಜುಲೈ 1, ಮಂಗಳವಾರ

ಈ ಪುಸ್ತಕ ಕೊಂಡದ್ದು ಭುಜಕ್ಕಾಗಿ. ಫಿಸಿಯೋಥೆರಪಿಯ ಭವ್ಯಶ್ರೀ, ನಮ್ಮ ಉಡುಪಿ ಕಡೆಯವಳೇ, ನನ್ನ ಎಡಗೈಯನ್ನು ಎತ್ತಿ, ಇಳಿಸಿ, ತಿರುಗಿಸಿ ನೋಡಿ ಹೇಳಿದಳು: "ಅಂಕಲ್, ದಿನಾ ನೋವು ಎಷ್ಟುಂಟು, ಕೈ ಎಷ್ಟು ಎತ್ತರಕ್ಕೆ ಹೋಗ್ತದೆ ಅಂತ ಬರೆದಿಡಿ. ಮುಂದಿನ ಸಲ ಬರುವಾಗ ತನ್ನಿ." ಮಕ್ಕಳು ಗುದ್ದಲೆಂದು ಅಂಗೈಗೆ ಹಾಕಿಕೊಳ್ಳುವ ಪ್ಯಾಡ್ ಹಿಡಿಯುವುದನ್ನು ನಿಲ್ಲಿಸಬೇಕು ಎಂದೂ ಹೇಳಿದಳು. ನಾನು ಹೆಚ್ಚೇನೂ ಹಿಡಿಯುವುದಿಲ್ಲ ಎಂದೆ. ದಿನಕ್ಕೆ ಹನ್ನೊಂದು ಮಕ್ಕಳು, ಒಬ್ಬೊಬ್ಬರಿಗೆ ಮೂರು ರೌಂಡ್. ಹೆಚ್ಚಲ್ಲ.

ನೋವು: ಇಲ್ಲ. ಎತ್ತರ: ಬೇಕಾದಷ್ಟು.

ಎರಡು ಸಾಲಿಗೆ ಒಂದು ಪುಟ ಹಾಳು ಮಾಡುವುದು ನನ್ನಿಂದಾಗದು. ಉಳಿದ ಜಾಗದಲ್ಲಿ ಕ್ಲಬ್ಬಿನ ವಿಚಾರ ಬರೆಯುತ್ತೇನೆ. ಭವ್ಯಶ್ರೀಗೆ ಬೇರೆ ಪುಸ್ತಕ ತೋರಿಸಿದರಾಯಿತು.

ಹೊಸ ಪುಸ್ತಕದಲ್ಲಿ ಮೊದಲು ಹೆಸರು ಬರೆಯುವ ರೂಢಿ. ಮೋಹನದಾಸ್, ವಯಸ್ಸು ಐವತ್ತೇಳು. ಹನ್ನೊಂದರಿಂದ ನಾಲ್ಕರವರೆಗೆ ತಮ್ಮ ಸುಖೇಶನ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತೇನೆ. ಬೆಳಿಗ್ಗೆ ಮತ್ತು ಸಂಜೆ ಮಾರ್ಕೆಟ್ ಯಾರ್ಡಿನ ಹಿಂದಿರುವ ವ್ಯಾಯಾಮಶಾಲೆಯಲ್ಲಿ ಬಾಕ್ಸಿಂಗ್ ಹೇಳಿಕೊಡುತ್ತೇನೆ, ಇಪ್ಪತ್ತಾರು ವರ್ಷದಿಂದ. ಅದಕ್ಕೂ ಮೊದಲು ನಾನೇ ಬಾಕ್ಸರ್, ಸಂಬಳ ಸಾರಿಗೆ ಇಲ್ಲದ ಅಮೆಚೂರ್. ಒಮ್ಮೆ ರಾಜ್ಯ ಮಟ್ಟದ ಫೈನಲಿನಲ್ಲಿ ಸೋತೆ. ಕೂದಲೆಳೆಯಲ್ಲಿ ಸೋತೆ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಇದು ನನ್ನೊಬ್ಬನ ಪುಸ್ತಕವಾದ್ದರಿಂದ ಬರೆದಿಡುತ್ತೇನೆ, ಕೂದಲೆಳೆಯಲ್ಲಿ ಅಲ್ಲ.

ಜುಲೈ 13, ಭಾನುವಾರ

ಸಾಸವಡದಲ್ಲಿ ಸ್ನೇಹ ಪಂದ್ಯಗಳು. ವಿಠ್ಠಲನ ಭಕ್ತರ ಪಾಲಖಿ ಮೆರವಣಿಗೆ ಹೋಗಿ ಮೂರು ವಾರವಾದರೂ ಸ್ವಾಗತದ ಬ್ಯಾನರುಗಳು ಹಾಗೇ ಇದ್ದವು, ಒಂದರ ಕೆಳಗೆ ನಮ್ಮ ವ್ಯಾನ್ ನಿಲ್ಲಿಸಿದೆವು. ನಮ್ಮವರು ನಾಲ್ವರು ಆಡಿದರು, ಮೂವರು ಸೋತರು. ಗೆದ್ದವನು ಸುಹಾಸ. ಅವನು ಮಾತು ಕೇಳುವ ಹುಡುಗನಲ್ಲ. ನಾನು ಪ್ಯಾಡ್ ಎಲ್ಲಿ ಹಿಡಿದರೂ ತನಗೆ ಬೇಕಾದಲ್ಲಿ ಹೊಡೆಯುತ್ತಾನೆ. ಎರಡು ಸಲ ನನ್ನ ಕಿವಿಗೇ ಹೊಡೆದಿದ್ದಾನೆ. ಅವನ ಗೆಲುವು ಅದೃಷ್ಟ.

ಪ್ರಣೀತಾ ಸೋತದ್ದು ಬೇಸರ. ಇಪ್ಪತ್ತೊಂದು ವರ್ಷ, ಐವತ್ತನಾಲ್ಕು ಕಿಲೋ. ಸುಖೇಶನ ಹೋಟೆಲಿನ ದೊಡ್ಡ ಅಡುಗೆಯವರು ಶ್ಯಾಮ, ಅವರ ಮಗಳು. ನನ್ನ ಕೈಯಲ್ಲಿ ಬೆಳೆದವರಲ್ಲಿ ಇವಳಷ್ಟು ಹೇಳಿದ್ದನ್ನು ಹೇಳಿದ ಹಾಗೆ ಮಾಡುವವರು ಇನ್ನೊಬ್ಬರಿಲ್ಲ. ಆದರೆ ಅವಳ ಬಲಗೈ ಕೆಳಗಿನಿಂದ ಹೋಗಿ ಎದುರಿನವಳ ಗ್ಲೌಸಿಗೆ ಬಡಿದು ಕೆಳಗಿನಿಂದಲೇ ವಾಪಸ್ ಬರುತ್ತದೆ. ಅಷ್ಟರಲ್ಲಿ ಗದ್ದದ ಬಲಗಡೆ ಖಾಲಿ. ಎದುರಿನವಳು ಅಲ್ಲಿಗೆ ಎಡಗೈ ಬಾಗಿಸಿ ಪಕ್ಕದಿಂದ ಹುಕ್ ಹೊಡೆಯುತ್ತಾಳೆ. ಹೋದ ವರ್ಷ, ಅದರ ಹಿಂದಿನ ವರ್ಷ, ರಾಜ್ಯ ತಂಡದ ಆಯ್ಕೆಯಲ್ಲಿ ಸೋತದ್ದೂ ಇದೇ ಏಟಿಗೆ. ಕೈ ಮೇಲೆ, ಕೈ ಮೇಲೆ ಎಂದು ಸಾವಿರ ಸಲ ಹೇಳಿದ್ದೇನೆ.

ಸ್ವಪ್ನಿಲ್ ಸಿಕ್ಕಿದ್ದ. ಹದಿನೈದು ವರ್ಷದ ಹಿಂದೆ ನನ್ನ ಹತ್ತಿರ ಕಲಿತ ಹುಡುಗ, ಈಗ ವಾಕಡದಲ್ಲಿ ಏಸಿ ಹಾಕಿದ ಸ್ವಂತ ಜಿಮ್. ಬಂದು ಕಾಲು ಮುಟ್ಟಿ, ಮರಾಠಿಯಲ್ಲಿ "ಸರ್, ತುಮಚೀ ಪೋರಂ ಲಾಂಬೂನಚ್ ಓಳಖೂ ಯೇತಾತ್" ಎಂದ. ನಿಮ್ಮ ಮಕ್ಕಳು ದೂರದಿಂದಲೇ ಗುರುತು ಸಿಗುತ್ತಾರೆ ಎಂದು. ಒಂದು ಶೈಲಿ ಎಂದರೆ ಹಾಗಿರಬೇಕು. ಮನೆಗೆ ಬಂದು ಹೆಂಡತಿ ಲೀಲಾಕ್ಷಿಗೂ ಹೇಳಿದೆ.

ನೋವು: ಇಲ್ಲ.

ಜುಲೈ 14, ಸೋಮವಾರ

ಪ್ರಣೀತಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದಿದ್ದಳು. ಕೈಗೆ ಬಟ್ಟೆ ಸುತ್ತಿಕೊಳ್ಳುತ್ತ ಹೇಳಿದಳು: "ಸರ್, ಸೆಪ್ಟೆಂಬರಿನ ಆಯ್ಕೆಯೇ ಕೊನೆ. ಆಗದಿದ್ರೆ ಬಿಡ್ತೇನೆ. ಅಪ್ಪನಿಗೂ ಹೇಳಿ ಆಯ್ತು."

"ಬಿಟ್ಟು ಎಂತ ಮಾಡುದು?"

"ಗೊತ್ತಿಲ್ಲ ಸರ್. ಪೆಟ್ಟು ತಿನ್ನುದಾದ್ರೂ ತಪ್ಪುತ್ತದಲ್ಲ."

ಇಪ್ಪತ್ತಾರು ವರ್ಷದಲ್ಲಿ ನಾನು ರಾಜ್ಯ ತಂಡಕ್ಕೆ ಒಬ್ಬರನ್ನೂ ಕಳಿಸಿಲ್ಲ. ಕಳಿಸುವುದಾದರೆ ಇವಳನ್ನೇ. ಇವಳು ಬಿಟ್ಟರೆ ಇನ್ನೊಬ್ಬಳನ್ನು ಅಷ್ಟು ದೂರ ತರುವಷ್ಟು ವರ್ಷ ನನ್ನ ಹತ್ತಿರ ಇಲ್ಲ. ಇದನ್ನು ಅವಳಿಗೆ ಹೇಳಲಿಲ್ಲ. ಇಪ್ಪತ್ತು ನಿಮಿಷ ಹಗ್ಗ ಹಾರಲು ಹೇಳಿದೆ.

ಜುಲೈ 20, ಭಾನುವಾರ

ಪುನೀತ ಎಂಬ ಬೆಂಗಳೂರಿನವನು ಶನಿವಾರ ಭಾನುವಾರ ಬರುತ್ತಾನೆ. ಹಿಂಜವಡಿಯಲ್ಲಿ ಕಂಪ್ಯೂಟರ್ ಕೆಲಸ, ಮನೆ ವಾಕಡ. ಹೊಟ್ಟೆ ಕರಗಿಸುವುದು ಉದ್ದೇಶ, ಹೊಟ್ಟೆಗೆ ಆ ಉದ್ದೇಶ ಇಲ್ಲ. ಮನೆ ಹತ್ತಿರ ಸ್ವಪ್ನಿಲನ ಜಿಮ್ ಇದ್ದರೂ ಇಲ್ಲಿಗೆ ಬರುತ್ತಾನೆ, ಅಲ್ಲಿ ಎಲ್ಲರೂ ಆಫೀಸಿನವರೇ ಸಿಗುತ್ತಾರಂತೆ. ಇಂದು ಮೊಬೈಲ್ ಹಿಡಿದು ಬಂದ.

"ಸರ್, ನಿಮ್ಗೊಂದು ಡೇಟಾ ತೋರಿಸ್ಲಾ? ಮೂರು ವೀಕೆಂಡ್ ವಿಡಿಯೋ ಪೂರ್ತಿ ಕೂತ್ಕೊಂಡು ನೋಡ್ದೆ. ನಿಮ್ಮ ಪ್ಯಾಡ್ ಮೇಲೆ ತೊಂಬತ್ತು ರೈಟ್ ಹ್ಯಾಂಡ್ ಪಂಚು. ಎಪ್ಪತ್ತೊಂದು ಕುತ್ತಿಗೆಗಿಂತ ಕೆಳಗೆ ಬಿದ್ದಿವೆ."

"ಯಾರದು?"

"ಅದೇ ಸರ್ ಇಂಟರೆಸ್ಟಿಂಗ್. ಎಲ್ರದೂ. ಸೋ ಕಾಮನ್ ಆಗಿರೋದು ಏನು ಅಂತ ನೋಡ್ಬೇಕು."

ನೋಡುತ್ತೇನೆ ಎಂದೆ. ಹೋಟೆಲಿನಲ್ಲಿ ಕೂತು ಯೋಚಿಸಿದಾಗ ಹೊಳೆಯಿತು. ಮೊಬೈಲ್. ಇಡೀ ದಿನ ತಲೆ ಬಗ್ಗಿಸಿ ನೋಡಿ ನೋಡಿ ಈಗಿನವರ ಕುತ್ತಿಗೆ, ಭುಜ, ಕೈ ಎಲ್ಲ ಕೆಳಗಿಳಿದಿವೆ. ಸ್ವಪ್ನಿಲನ ಕಾಲದವರ ಬಲಗೈ ನೇರ ಗದ್ದಕ್ಕೆ ಹೋಗುತ್ತಿತ್ತು. ಆಗ ಮಕ್ಕಳ ಕೈಯಲ್ಲಿ ಮೊಬೈಲ್ ಇರಲಿಲ್ಲ.

ಜುಲೈ 26, ಶನಿವಾರ

ಲೀಲಾಕ್ಷಿ ಅಡುಗೆಮನೆಯ ಮೇಲಿನ ಹಲಗೆಯ ಡಬ್ಬಗಳನ್ನೆಲ್ಲ ಕೆಳಗೆ ಇಳಿಸಿಟ್ಟಿದ್ದಾಳೆ. ನನ್ನ ಕಾಫಿಪುಡಿ, ಬೆಲ್ಲ, ಔಷಧಿ ಎಲ್ಲವೂ ಸೊಂಟದ ಎತ್ತರದಲ್ಲಿ. ಬಟ್ಟೆ ಒಣಹಾಕುವ ಹಗ್ಗವನ್ನೂ ಇಳಿಸಿ ಕಟ್ಟಿಸಿದ್ದಾಳೆ. ಅವಳಿಗೂ ವಯಸ್ಸಾಯಿತು. ಹೇಳಿದರೆ ಬೇಸರ ಮಾಡಿಕೊಳ್ಳುತ್ತಾಳೆ ಎಂದು ಸುಮ್ಮನಿದ್ದೆ.

ಆಗಸ್ಟ್ 3, ಭಾನುವಾರ

ನೇತುಹಾಕಿದ ಚೀಲದ ಮೇಲೆ ಗದ್ದದ ಎತ್ತರಕ್ಕೆ ಬಿಳಿ ಟೇಪ್ ಅಂಟಿಸಿ ಪ್ರಣೀತಾಗೆ ನೂರು ಬಲಗೈ ಹೊಡೆಸಿದೆ. ನೂರಕ್ಕೆ ತೊಂಬತ್ತಾರು ಟೇಪಿನ ಮೇಲೆ. ಸರಿಯಾಯಿತು ಎಂದುಕೊಂಡು ಪ್ಯಾಡ್ ಹಾಕಿಕೊಂಡೆ. ಅವಳ ಬಲಗೈ ಏಟಿಗೆ ನನ್ನ ಎಡಗೈ ಪ್ಯಾಡ್. ಮತ್ತೆ ಕೆಳಗೆ. ಒಂದೂ ಬಿಡದೆ.

ವಿಚಿತ್ರ. ಚೀಲದ ಮೇಲೆ ಸರಿ, ಪ್ಯಾಡಿನ ಮೇಲೆ ತಪ್ಪು. ಬಹಳ ಹೊತ್ತು ಯೋಚಿಸಿದೆ. ಪ್ಯಾಡಿನ ಹಿಂದೆ ನನ್ನ ಮುಖ ಇರುತ್ತದೆ. ಗುರುವಿನ ಮುಖದ ಕಡೆಗೆ ಕೈ ಎತ್ತಲು ಸಂಕೋಚ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಸಂಸ್ಕಾರ ಜಾಸ್ತಿ, ಬಾಕ್ಸಿಂಗಿಗೆ ಅದು ಅಡ್ಡಿ.

"ನಾನು ನಿನ್ನ ಸರ್ ಅಂತ ಎಣಿಸಬೇಡ, ಶತ್ರು ಅಂತ ಎಣಿಸು" ಎಂದೆ.

"ಆಯ್ತು ಸರ್" ಎಂದಳು.

ಹಾಗೇ ಹೊಡೆದಳು, ಕೆಳಗೆ. ಎಲ್ಲರ ಮುಂದೆ ಬೈದೆ. ಮೂರು ಸಲ ಸೋತವಳಿಗೆ ನಾಚಿಕೆಯಾದರೂ ಬೇಡವೇ ಎಂದೆ. ಅವಳು ತಲೆ ತಗ್ಗಿಸಿ ಗ್ಲೌಸ್ ಬಿಚ್ಚಿದಳು. ಹೊರಗೆ ಗಣಪತಿಗೆ ಢೋಲ್ ತಾಲೀಮು ನಡೆಯುತ್ತಿತ್ತು, ನನ್ನ ಮಾತು ಉಳಿದವರಿಗೆ ಕೇಳಿಸದೆ ಇದ್ದಿರಬಹುದು. ಕೇಳಿಸಿರುತ್ತದೆ.

ನೋವು: ಸ್ವಲ್ಪ. ಹವೆ.

ಆಗಸ್ಟ್ 15, ಶುಕ್ರವಾರ

ಧ್ವಜ ಹಾರಿಸಿದ ಮೇಲೆ ಹಳೆಯ ಹುಡುಗರು ಸೇರಿದ್ದರು. ಎಲ್ಲರ ಕೈಯಲ್ಲೂ ಜಿಲೇಬಿ. ಸ್ವಪ್ನಿಲ್ ತಮಾಷೆಗೆ ಗ್ಲೌಸ್ ಹಾಕಿಕೊಂಡು, ಸರ್, ಹಳೆಯ ಕಾಲದ ಹಾಗೆ ಒಂದು ರೌಂಡ್ ಎಂದ. ನಾನು ಪ್ಯಾಡ್ ಹಿಡಿದೆ. ಎಡ, ಎಡ, ಆಮೇಲೆ ಬಲ ಎಂದೆ. ಅವನ ಬಲಗೈ ಪ್ಯಾಡಿನ ಮೇಲಿನಿಂದ ಬಂದು ನನ್ನ ಬಾಯಿಗೆ ಬಿತ್ತು. ತುಟಿ ಒಡೆಯಿತು.

ಅವನು ಗಾಬರಿಯಾಗಿ ನನ್ನ ಮುಖ ಹಿಡಿದುಕೊಂಡ. "ಸರ್, ಪ್ಯಾಡ್ ತಿಥಂ ನವ್ಹತಂ."

ಪ್ಯಾಡ್ ಅಲ್ಲಿರಲಿಲ್ಲ.

ಆಗಸ್ಟ್ 19, ಮಂಗಳವಾರ

ನಾಲ್ಕು ದಿನ ಬರೆಯಲಿಲ್ಲ. ಇಂದು ಮಕ್ಕಳು ಬರುವ ಮೊದಲು ವ್ಯಾಯಾಮಶಾಲೆಗೆ ಹೋದೆ. ಕನ್ನಡಿಯ ಮುಂದೆ ನಿಂತು ಎರಡೂ ಪ್ಯಾಡ್ ಹಾಕಿಕೊಂಡು, ಕಣ್ಣು ಮುಚ್ಚಿ, ಗದ್ದದ ಎತ್ತರಕ್ಕೆ ಎತ್ತಿದೆ. ಎರಡೂ ಸಮ ಇವೆ ಎಂದು ಮೈಗೆ ಅನಿಸಿದ ಮೇಲೆ ಕಣ್ಣು ತೆರೆದೆ. ಬಲಗೈ ಗದ್ದದ ಪಕ್ಕದಲ್ಲಿತ್ತು. ಎಡಗೈ ಒಂದು ಗೇಣು ಕೆಳಗೆ, ಎದೆಯ ಹತ್ತಿರ. ಎತ್ತಲು ನೋಡಿದೆ. ಬೆರಳಿನಷ್ಟು ಮೇಲೆ ಹೋಗಿ ನಿಂತಿತು. ಇನ್ನಷ್ಟು ಎತ್ತಿದಾಗ ಕಣ್ಣಲ್ಲಿ ನೀರು ಬಂತು.

ಸ್ವಪ್ನಿಲ್ ಹೊಡೆದದ್ದು ತಪ್ಪಾಗಿ ಅಲ್ಲ. ಪ್ಯಾಡ್ ಇರಬೇಕಾದ ಜಾಗಕ್ಕೇ ಹೊಡೆದ, ಯಾಕೆಂದರೆ ಅವನು ಕಲಿಯುವಾಗ ಪ್ಯಾಡ್ ಅಲ್ಲಿರುತ್ತಿತ್ತು. ಭುಜ ಕೆಟ್ಟು ಆರೇಳು ವರ್ಷವಾಗಿರಬೇಕು. ಆ ಆರೇಳು ವರ್ಷದಲ್ಲಿ ಬಂದ ಮಕ್ಕಳಿಗೆಲ್ಲ, ದಿನಕ್ಕೆ ಮೂರು ರೌಂಡ್, ಬಲಗೈಯನ್ನು ಕೆಳಗೆ ಹೊಡೆಯಲು ಕಲಿಸಿದ್ದೇನೆ. ಬಾಯಲ್ಲಿ ಕೈ ಮೇಲೆ ಎಂದು ಹೇಳುತ್ತ. ಮಾತು ಕೇಳದ ಸುಹಾಸ ಗೆದ್ದ. ಹೇಳಿದ ಹಾಗೆ ಮಾಡಿದ ಪ್ರಣೀತಾ ಸೋತಳು. ನನ್ನ ಮಕ್ಕಳು ದೂರದಿಂದಲೇ ಗುರುತು ಸಿಗುತ್ತಾರೆ ಎಂದು ಸಾಸವಡದಲ್ಲಿ ಸ್ವಪ್ನಿಲ್ ಹೇಳಿದ ಮಾತು ಹೊಗಳಿಕೆಯಲ್ಲ.

ನನಗೆ ಬಹಳ ನಾಚಿಕೆಯಾಯಿತು. ಆರೂವರೆಗೆ ಮಕ್ಕಳು ಬಂದರು. ಇಂದು ಪ್ಯಾಡ್ ಇಲ್ಲ, ಓಟ ಎಂದೆ.

ಆಗಸ್ಟ್ 22, ಶುಕ್ರವಾರ

ಭವ್ಯಶ್ರೀಯ ಹತ್ತಿರ ಹೋಗಿ ಈ ಪುಸ್ತಕವನ್ನೇ ಕೊಟ್ಟೆ. ನೋವಿನ ಸಾಲುಗಳನ್ನು ಮಾತ್ರ ಓದು ಎಂದೆ. ಓದಿದಳು. "ಅಂಕಲ್, ಇದರಲ್ಲಿ ನೋವೇ ಇಲ್ಲವಲ್ಲ" ಎಂದಳು. ಸ್ಕ್ಯಾನ್ ಮಾಡಿಸಿದರು. ಭುಜದ ಒಳಗೆ ಮೂಳೆಗೆ ಹಿಡಿದಿರುವ ನರದ ಹಗ್ಗದಂಥದು ಒಂದು ಇರುತ್ತದಂತೆ, ನನ್ನದು ಬಹುತೇಕ ಹರಿದಿದೆ. ಆಪರೇಷನ್ ಆಗಬೇಕು. ಆಮೇಲೆ ಆರು ತಿಂಗಳು, ಮೊದಲು ಕೈ ಜೋಳಿಗೆಯಲ್ಲಿ, ನಂತರ ವ್ಯಾಯಾಮ. ಪ್ಯಾಡ್ ಮುಗಿಯಿತು.

ಆಯ್ಕೆಗೆ ಒಂದು ತಿಂಗಳು. ಪ್ರಣೀತಾಳ ಬಲಗೈ ಮೇಲೆ ಬರಬೇಕಾದರೆ ಯಾರಾದರೂ ದಿನವೂ ಸರಿಯಾದ ಎತ್ತರಕ್ಕೆ ಪ್ಯಾಡ್ ಹಿಡಿಯಬೇಕು. ಹಾಗೆ ಹಿಡಿಯಬಲ್ಲವನು ನನಗೆ ಗೊತ್ತಿರುವಂತೆ ಒಬ್ಬನೇ, ಸ್ವಪ್ನಿಲ್. ಆದರೆ ನಮ್ಮಲ್ಲಿ ಬರೆದಿಡದ ಒಂದು ಪದ್ಧತಿ ಇದೆ. ಆಯ್ಕೆಗೆ ಮೊದಲಿನ ತಿಂಗಳು ಯಾರು ಪ್ಯಾಡ್ ಹಿಡಿದರೋ ಅವರೇ ಪಂದ್ಯದ ದಿನ ಕಾರ್ನರಿನಲ್ಲಿ ನಿಲ್ಲುವುದು. ರೌಂಡುಗಳ ನಡುವಿನ ಒಂದು ನಿಮಿಷದಲ್ಲಿ ಸ್ಟೂಲ್ ಹಾಕಿ, ನೀರು ಕೊಟ್ಟು, ಎರಡು ಮಾತು ಹೇಳುವವರು ಅವರೇ. ಗೆದ್ದರೆ ಬಾಕ್ಸರ್ ಹೆಸರಿನ ಮುಂದೆ ಬರೆಯುವುದೂ ಅವರ ಹೆಸರನ್ನೇ.

ಇಪ್ಪತ್ತಾರು ವರ್ಷ ನಾನು ಕಾದದ್ದು ಆ ಒಂದು ನಿಮಿಷಕ್ಕೆ.

ಆಗಸ್ಟ್ 23, ಶನಿವಾರ

ನಿನ್ನೆ ಬರೆದ ಮೇಲೆ ಮೂರು ಉಪಾಯ ಯೋಚಿಸಿದೆ. ಒಂದು, ಎತ್ತರದ ಮಣೆಯ ಮೇಲೆ ನಿಂತು ಪ್ಯಾಡ್ ಹಿಡಿಯುವುದು. ಬೆಳಿಗ್ಗೆ ನಿಂತು ನೋಡಿದೆ, ಕಾಲು ಆಡುವುದಿಲ್ಲ, ಬಿದ್ದೆ. ಎರಡು, ಎಡಗೈಗೆ ಹಗ್ಗ ಕಟ್ಟಿ ಮೇಲಿನ ಕೊಂಡಿಗೆ ಬಿಗಿಯುವುದು. ಇದನ್ನು ಪುನೀತನಿಗೆ ಹೇಳಿದೆ, ಅವನು ನಗಲಿಲ್ಲ, ಅದರಿಂದ ಇನ್ನೂ ಬೇಸರವಾಯಿತು. ಮೂರು, ಯಾರಿಗೂ ಹೇಳದೆ ಇದ್ದುಬಿಡುವುದು. ಇದು ಸುಲಭ. ಪ್ರಣೀತಾ ಸೋಲುತ್ತಾಳೆ, ಬಿಡುತ್ತಾಳೆ, ಬಲಗೈ ಕೆಟ್ಟದ್ದು ಅವಳದೇ ತಪ್ಪು ಎಂದು ಅವಳೂ ನಂಬುತ್ತಾಳೆ.

ಸಂಜೆ ಅವಳನ್ನು ಬೆಂಚಿನ ಮೇಲೆ ಕೂರಿಸಿ ಹೇಳಿದೆ. "ನಿನ್ನ ಬಲಗೈ ಸರಿ ಉಂಟು. ಹಾಳಾದದ್ದು ನನ್ನ ಎಡಗೈ. ನಾನು ಪ್ಯಾಡ್ ಕೆಳಗೆ ಹಿಡಿದೆ, ನೀನು ಕೆಳಗೆ ಹೊಡೆದೆ. ಅವತ್ತು ಎಲ್ಲರ ಎದುರು ಬೈದದ್ದು ತಪ್ಪಾಯ್ತು. ಸೋಮವಾರದಿಂದ ನೀನು ವಾಕಡಕ್ಕೆ ಹೋಗು, ಸ್ವಪ್ನಿಲನಿಗೆ ಫೋನ್ ಮಾಡಿದ್ದೇನೆ."

ಅವಳು ಉಗುರು ನೋಡುತ್ತ ಕೂತಿದ್ದಳು. "ಕಾರ್ನರಿಗೆ ಯಾರು ಸರ್?"

"ಅವನೇ."

"ನೀವು?"

"ನನಗೆ ಟಿಕೆಟ್ ತೆಗೆದು ನೋಡ್ಲಿಕ್ಕೆ ಆಗ್ತದೆ" ಎಂದೆ.

ಟಿಕೆಟ್ ಇರುವುದಿಲ್ಲ, ಪ್ರವೇಶ ಉಚಿತ. ಅವಳಿಗೂ ಗೊತ್ತು.

ಆಗಸ್ಟ್ 30, ಶನಿವಾರ

ಪ್ರಣೀತಾ ಇಲ್ಲ. ಉಳಿದ ಹತ್ತು ಮಂದಿಗೆ ಪುನೀತ ಪ್ಯಾಡ್ ಹಿಡಿಯುತ್ತಾನೆ, ಶನಿವಾರ ಭಾನುವಾರ. ಹೆದರಿ ಕಣ್ಣು ಮುಚ್ಚುತ್ತಾನೆ, ಆದರೆ ಪ್ಯಾಡ್ ಇರಬೇಕಾದ ಎತ್ತರದಲ್ಲೇ ಇರುತ್ತದೆ. ಎತ್ತರಕ್ಕೆ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದಾನೆ.

ನಾನು ಕುರ್ಚಿಯಲ್ಲಿ ಕೂತು ನೋಡುತ್ತೇನೆ. ಹತ್ತಿರದಿಂದ ಕಾಣದ ಎಷ್ಟೋ ಸಂಗತಿಗಳು ದೂರದಿಂದ ಕಾಣುತ್ತವೆ. ಒಬ್ಬಳು ಏಟಿಗೆ ಮೊದಲು ಉಸಿರು ಹಿಡಿಯುತ್ತಾಳೆ. ಇನ್ನೊಬ್ಬನ ಶೂ ದೊಡ್ಡದು, ಅಣ್ಣನದಿರಬೇಕು. ಹೀಗೆ ಕೂತು ನೋಡಿ ಎಷ್ಟು ವರ್ಷವಾಯಿತೋ.

ಸೆಪ್ಟೆಂಬರ್ 9, ಮಂಗಳವಾರ

ಸ್ವಪ್ನಿಲನ ಫೋನ್. ಮೊದಲ ಎರಡು ವಾರ ಅವಳ ಕೈ ಮೇಲೆ ಬರಲೇ ಇಲ್ಲವಂತೆ, ನಿನ್ನೆಯಿಂದ ಬರುತ್ತಿದೆಯಂತೆ. ಆಮೇಲೆ ಅವನೇ ಹೇಳಿದ, ಸರ್, ಕಾರ್ನರಿಗೆ ನೀವೇ ನಿಲ್ಲಿ, ನಾನು ಬಕೆಟ್ ಹಿಡಿಯುತ್ತೇನೆ, ಅವಳು ನಿಮ್ಮ ಹುಡುಗಿ. ಮನಸಾರೆ ಹೇಳಿದ.

ಬೇಡ ಎಂದೆ. ಒಂದು ತಿಂಗಳು ಒಂದು ದನಿ ಕೇಳಿದವಳಿಗೆ ಆ ಒಂದು ನಿಮಿಷದಲ್ಲಿ ಇನ್ನೊಂದು ದನಿ ಕೇಳಿಸಿದರೆ ಹಳೆಯ ಅಭ್ಯಾಸ ಮರಳುತ್ತದೆ. ನನ್ನ ದನಿ ಕೇಳಿದರೆ ಅವಳ ಕೈ ಕೆಳಗಿಳಿಯುತ್ತದೆ. ಇದನ್ನು ಶಾಂತವಾಗಿ ವಿವರಿಸಿ ಫೋನ್ ಇಟ್ಟೆ. ಇಟ್ಟ ಕೂಡಲೇ ಹೂಂ ಎನ್ನಬೇಕಿತ್ತು ಅನಿಸಿತು. ಇಡೀ ದಿನ ಅನಿಸುತ್ತಲೇ ಇತ್ತು. ಗಲ್ಲಾದಲ್ಲಿ ಇಬ್ಬರಿಗೆ ಚಿಲ್ಲರೆ ತಪ್ಪು ಕೊಟ್ಟೆ.

ನೋವು: ಇದೆ.

ಸೆಪ್ಟೆಂಬರ್ 21, ಭಾನುವಾರ

ಆಯ್ಕೆ ಪಂದ್ಯ. ಲೀಲಾಕ್ಷಿ ಸೀರೆಗೆ ಇಸ್ತ್ರಿ ಹಾಕಿಕೊಂಡು ಹೊರಟಳು, ಮದುವೆಗೆ ಹೊರಟ ಹಾಗೆ. ಗ್ಯಾಲರಿಯಲ್ಲಿ ಒಂದು ಕಡೆ ಅವಳು, ಇನ್ನೊಂದು ಕಡೆ ಪುನೀತ. ಶ್ಯಾಮ ಬರಲಿಲ್ಲ. ಭಾನುವಾರ ಹೋಟೆಲಿನಲ್ಲಿ ರಶ್, ಮತ್ತು ಮಗಳಿಗೆ ಹೊಡೆಯುವುದನ್ನು ನೋಡಲು ಅವರಿಂದಾಗದು.

ಬೆಳಿಗ್ಗೆಯ ಸೆಮಿಫೈನಲ್ ಸುಲಭವಾಗಿ ಗೆದ್ದಳು. ಫೈನಲಿನಲ್ಲಿ ಎದುರಿಗೆ ಹೋದ ವರ್ಷ ಸೋಲಿಸಿದವಳೇ. ಗೆದ್ದವರು ತಂಡಕ್ಕೆ, ಸೋತವರು ಮನೆಗೆ. ಮೊದಲ ರೌಂಡಿನಲ್ಲಿ ಪ್ರಣೀತಾಳ ಕೈ ಎರಡು ಸಲ ಕೆಳಗಿನಿಂದ ಹೋಯಿತು, ಎರಡೂ ಸಲ ಹುಕ್ ತಿಂದಳು. ಎರಡನೆಯ ಹುಕ್ಕಿಗೆ ಅವಳ ಮೊಣಕಾಲು ಸಡಿಲವಾದದ್ದು ಇಷ್ಟು ದೂರದಿಂದಲೂ ಕಂಡಿತು. ಕಾರ್ನರಿನಲ್ಲಿ ಸ್ವಪ್ನಿಲ್ ಏನೋ ಹೇಳಿದ. ಏನು ಹೇಳಿದ ಎಂದು ನನಗೆ ಕೇಳಿಸಲಿಲ್ಲ. ಎರಡನೆಯ ರೌಂಡಿನ ನಡುವೆ ಬಲಗೈ ಮೇಲಿನಿಂದ ಹೋಯಿತು. ಗದ್ದಕ್ಕೆ. ಆಮೇಲೆ ಇನ್ನೊಂದು. ಆ ಹುಡುಗಿಗೆ ಆಶ್ಚರ್ಯವಾದ ಹಾಗೆ ಕಂಡಿತು, ಅಲ್ಲಿಂದ ಏಟು ಬರುತ್ತದೆಂದು ಅವಳು ಎಣಿಸಿಯೇ ಇರಲಿಲ್ಲ. ಮೂರನೆಯ ರೌಂಡಿನಲ್ಲಿ ನಾನು ಕೂಗಲಿಲ್ಲ, ಕೂಗಬಾರದೆಂದು ಮೊದಲೇ ನಿರ್ಧರಿಸಿದ್ದೆ. ಪುನೀತನ ತೊಡೆ ಹಿಡಿದುಕೊಂಡಿದ್ದೆನಂತೆ, ಆಮೇಲೆ ಅವನು ತೋರಿಸಿದ, ಬೆರಳಿನ ಗುರುತು ಮೂಡಿತ್ತು.

ಐದು ಜನ ತೀರ್ಪುಗಾರರಲ್ಲಿ ಮೂವರು ಪ್ರಣೀತಾ ಎಂದರು. ರೆಫರಿ ಅವಳ ಕೈ ಎತ್ತಿದ. ಧ್ವನಿವರ್ಧಕದಲ್ಲಿ ಅವಳ ಹೆಸರು, ವಾಕಡದ ಜಿಮ್ಮಿನ ಹೆಸರು, ತರಬೇತುದಾರ ಸ್ವಪ್ನಿಲ್ ಎಂದು ಕೂಗಿದರು. ನನಗೆ ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು. ಎರಡೂ ಒಟ್ಟಿಗೆ ಆದವು, ಯಾವುದು ಹೆಚ್ಚು ಎಂದು ಈಗಲೂ ಹೇಳಲಾರೆ.

ಅವಳು ಗ್ಲೌಸ್ ಬಿಚ್ಚಿ ನೇರ ಗ್ಯಾಲರಿಗೆ ಬಂದಳು. ಬಲಗಣ್ಣಿನ ಕೆಳಗೆ ಊದಿತ್ತು. ಕಾಲು ಮುಟ್ಟಿ ಪಕ್ಕದ ಮೆಟ್ಟಿಲಲ್ಲಿ ಕೂತಳು. ನಾನು ಹಿಂದೆ ಹೇಳಿದ್ದನ್ನೇ ಮತ್ತೆ ಹೇಳಿದೆ. "ಕ್ಷಮಿಸು ಮಾರಾಯ್ತಿ. ಇಷ್ಟು ವರ್ಷ ಪ್ಯಾಡ್ ಕೆಳಗೆ ಉಂಟು ಅಂತ ನನಗೆ ಗೊತ್ತಾಗ್ಲಿಲ್ಲ."

"ನನಗೆ ಗೊತ್ತಿತ್ತು ಸರ್."

"ಎಂತ ಗೊತ್ತಿತ್ತು?"

"ಕೆಳಗೆ ಉಂಟು ಅಂತ. ಎರಡು ವರ್ಷದ ಹಿಂದೆಯೇ. ಮೇಲೆ ಹೊಡೆದ್ರೆ ನೀವು ಅದನ್ನು ಹಿಡೀಲಿಕ್ಕೆ ಕೈ ಎತ್ತುತ್ತಿದ್ರಿ. ಆವಾಗ ನಿಮ್ಮ ಮುಖ ಒಂದು ನಮೂನೆ ಆಗ್ತಿತ್ತು. ಅದಕ್ಕೆ ನಾನೇ ಕೆಳಗೆ ಹೊಡೀತಿದ್ದೆ."

"ಹಾಗೆ ಮಾಡಿ ಎರಡು ಆಯ್ಕೆ ಸೋತೆಯಲ್ಲ."

"ರಿಂಗಿನಲ್ಲಿ ಮೇಲೆ ಹೊಡೆದ್ರಾಯ್ತು ಅಂತ ಎಣಿಸಿದ್ದೆ ಸರ್. ಆದ್ರೆ ಕೈಗೆ ಅದೇ ಅಭ್ಯಾಸ ಆಗಿಹೋಯ್ತು."

ನನ್ನ ಭುಜ ನೋಯದಿರಲಿ ಎಂದು ಈ ಹುಡುಗಿ ಎರಡು ವರ್ಷ ಗದ್ದಕ್ಕೆ ಹುಕ್ ತಿಂದಿದ್ದಾಳೆ, ಆಮೇಲೆ ಎಲ್ಲರ ಮುಂದೆ ನನ್ನ ಬೈಗುಳವನ್ನೂ ತಿಂದಿದ್ದಾಳೆ. ನಾನು ಎದ್ದು ನೀರು ಕುಡಿದು ಬರುತ್ತೇನೆ ಎಂದು ಹೊರಗೆ ಹೋದೆ. ನೀರಿನ ನಲ್ಲಿ ಒಳಗೇ ಇತ್ತು.

ರಿಕ್ಷಾದಲ್ಲಿ ಬರುವಾಗ ಲೀಲಾಕ್ಷಿಗೆ ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಅಳು ಬಂತು, ತಡೆಯಲಾಗಲಿಲ್ಲ, ರಿಕ್ಷಾದವನು ಕನ್ನಡಿಯಲ್ಲಿ ನೋಡಿದ. ಲೀಲಾಕ್ಷಿ ಸೆರಗಿನಿಂದ ನನ್ನ ಮುಖ ಒರೆಸಿದಳು.

"ನಿಮಗೆ ನೋವುಂಟು ಅಂತ ಎಲ್ಲರಿಗೂ ಗೊತ್ತಿತ್ತು" ಎಂದಳು. "ನಿಮಗೊಬ್ಬರಿಗೇ ಗೊತ್ತಿರ್ಲಿಲ್ಲ."